ಮೂವತ್ತೆಂಟು ಕರಡುಗಳು, ಒಂದು ಡೈರೆಕ್ಟರಿ

ಇದನ್ನು ಬರೆಯುವ ಹೊತ್ತಿಗೆ ನನ್ನ ಕರಡು ಡೈರೆಕ್ಟರಿಯಲ್ಲಿ ಮೂವತ್ತೆಂಟು ಅರ್ಧಂಬರ್ಧ ಈಮೇಲ್ ಪತ್ರಗಳಿವೆ. ಯಾವುದು ಯಾರಿಗೆ, ಎಲ್ಲಿಗೆ ಬಂದು ನಿಂತಿದೆ, ಯಾಕೆ ನಿಂತಿದೆ ಎಂದು ಯಾರಾದರೂ ಕೇಳಿದರೆ ಹತ್ತು ಸೆಕೆಂಡಿನಲ್ಲಿ ಹೇಳುತ್ತೇನೆ. ಹದಿನಾಲ್ಕು ತಿಂಗಳ ಹಿಂದೆ ಕರಡುಗಳನ್ನು ಹೀಗೆ ಇಡಲು ಶುರು ಮಾಡಿದಾಗ ಜೊತೆಗೆ ಕೆಲಸ ಮಾಡುವ ಇಬ್ಬರು ನಕ್ಕಿದ್ದರು. ‘ಎರಡು ವಾರ ನಡೆದರೆ ಹೆಚ್ಚು’ ಎಂದವರು ಹೋದ ತಿಂಗಳು ಇದನ್ನು ನಡೆಸುವ ನನ್ನ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಕೇಳಿದರು. ಕೊಟ್ಟೆ. ಪೂರ್ತಿ ಕೊಡಲಿಲ್ಲ.

ನನ್ನದು ತಾಂತ್ರಿಕ ಕೈಪಿಡಿಗಳ ಅನುವಾದದ ಕೆಲಸ. ದರ ತಿಳಿಸುವ ಪತ್ರ, ಸಂದೇಹ ಕೇಳುವ ಪತ್ರ, ಬಾಕಿ ಹಣ ನೆನಪಿಸುವ ಪತ್ರ, ಯಾವುದೂ ಒಂದೇ ಕೂರಿಕೆಯಲ್ಲಿ ಮುಗಿಯುವುದಿಲ್ಲ. ಟರ್ಮಿನಲ್‌ನಲ್ಲಿ ಓಡುವ ಮಟ್ ಎಂಬ ಮೇಲ್ ಪ್ರೋಗ್ರಾಂ ಬಳಸಲು ತೊಡಗಿ ಎಂಟೊಂಬತ್ತು ವರ್ಷವಾಯಿತು. ಮೊದಲೆಲ್ಲ ಅರ್ಧ ಬರೆದದ್ದನ್ನು ಎತ್ತಿಡುವ ಅದರ ಪೋಸ್ಟ್‌ಪೋನ್ ಸೌಲಭ್ಯವನ್ನೇ ನಂಬಿದ್ದೆ. ಮೂರು ನಾಲ್ಕು ಕರಡು ಇರುವವರೆಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಅದು ಕೈಕೊಟ್ಟದ್ದು ಒಂದೇ ಒಂದು ಕರಡು ಉಳಿದಿದ್ದ ದಿನ ಎಂಬುದು ಬೇರೆ ಮಾತು.

ಮಟ್‌ನಲ್ಲಿ ರೀಕಾಲ್ ಎಂಬ ಸೆಟ್ಟಿಂಗ್ ಮೂಲತಃ ಆಸ್ಕ್-ಯೆಸ್ ಆಗಿರುತ್ತದೆ. ಹೊಸ ಪತ್ರಕ್ಕೆ ಎಂ ಒತ್ತಿದರೆ ಹಳೆಯ ಕರಡನ್ನು ತೆರೆಯಲೇ ಎಂದು ಕೇಳುತ್ತದೆ, ಎಂಟರ್ ಒತ್ತಿದರೆ ಹೌದೆಂದು ಅರ್ಥ. ನನ್ನ ಬೆರಳು ಎಂಟರ್ ಒತ್ತಿತು. ಕರಡು ಒಂದೇ ಇದ್ದದ್ದರಿಂದ ಪಟ್ಟಿ ತೋರಿಸದೆ ನೇರವಾಗಿ ಅದೇ ತೆರೆದುಕೊಂಡಿತು. ಒಳಗಿನದನ್ನು ಅಳಿಸಿ, ಟು ಸಾಲು ಬದಲಿಸಿ, ಹೊಸ ಗ್ರಾಹಕರಿಗೆ ದರ ಬರೆದು ಕಳುಹಿಸಿದೆ. ಗುಟ್ಟಾಗಿ ಪ್ರತಿ ಕಳುಹಿಸುವ ಬಿಸಿಸಿ ಸಾಲಿನಲ್ಲಿ ಹಳೆಯ ಗ್ರಾಹಕರ ವಿಳಾಸ ಹಾಗೇ ಕೂತಿತ್ತು. ಹೊಸಬರಿಗೆ ನಾನು ಹೇಳಿದ್ದು ಅವರಿಗಿಂತ ಕಾಲು ಭಾಗ ಕಡಿಮೆ ದರ. ಮರುದಿನ ಬೆಳಿಗ್ಗೆ ಎರಡೇ ಸಾಲಿನ ಉತ್ತರ ಬಂತು. ಆ ವರ್ಷ ಅವರಿಂದ ಬರಬೇಕಿದ್ದ ಕೆಲಸ ನನ್ನ ಎರಡು ತಿಂಗಳ ಗಳಿಕೆಗೆ ಸಮ. ಅಂದೇ ರೀಕಾಲ್ ಅನ್ನು ನೋ ಮಾಡಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಆಮೇಲಿನ ತಪ್ಪು ಕರಡುಗಳನ್ನು ಸರ್ವರ್‌ನ ಡ್ರಾಫ್ಟ್ಸ್ ಫೋಲ್ಡರಿನಲ್ಲಿಟ್ಟು ಎಂಬಿಸಿಂಕ್ ಎಂಬ ಮೇಲ್ ಸರಿಹೊಂದಿಸುವ ಪ್ರೋಗ್ರಾಂ ಮೂಲಕ ಎರಡು ಯಂತ್ರಗಳಿಗೆ ತರಿಸಿಕೊಂಡದ್ದು. ಸರ್ವರ್ ಜೊತೆ ಮಾತಾಡುವ ಐಮ್ಯಾಪ್ ಪದ್ಧತಿಯಲ್ಲಿ, ಈಗಾಗಲೇ ಇರುವ ಸಂದೇಶವನ್ನು ತಿದ್ದಲು ಬರುವುದಿಲ್ಲ. ಪ್ರತಿ ಸಲ ಉಳಿಸಿದಾಗಲೂ ಹೊಸ ಸಂದೇಶ ಸೇರುತ್ತದೆ, ಯುಐಡಿ ಎಂಬ ಹೊಸ ಗುರುತುಸಂಖ್ಯೆ ಪಡೆಯುತ್ತದೆ, ಹಳೆಯದು ಅಳಿಸಬೇಕಾದದ್ದು ಎಂಬ ಗುರುತು ಹೊತ್ತು ಕಾಯುತ್ತದೆ. ಆ ಗುರುತಿನವನ್ನು ನಿಜವಾಗಿ ಅಳಿಸುವ ಎಕ್ಸ್‌ಪಂಜ್ ಸೆಟ್ಟಿಂಗ್ ಅನ್ನು ಎರಡೂ ಕಡೆಗೆ ಹಾಕಿರದಿದ್ದರಿಂದ ಒಂದೇ ಪತ್ರದ ಹನ್ನೊಂದು ಪ್ರತಿಗಳಾದವು. ಅದನ್ನು ಸರಿಪಡಿಸಿದ ಉತ್ಸಾಹದಲ್ಲಿ ಕೆಲವು ಕರಡುಗಳನ್ನು ಶೆಲ್‌ನಿಂದಲೇ (ಆದೇಶ ಟೈಪ್ ಮಾಡಿ) ಬೇರೆ ಮೇಲ್‌ಡಿರ್‌ಗೆ, ಅಂದರೆ ಬೇರೆ ಮೇಲ್ ಡೈರೆಕ್ಟರಿಗೆ, ಸರಿಸಿದೆ. ಎಂಬಿಸಿಂಕ್ ಫೈಲಿನ ಹೆಸರಿನಲ್ಲೇ ಯು ಅಕ್ಷರ, ಸಮಚಿಹ್ನೆ, ಸಂಖ್ಯೆ ಎಂದು ಯುಐಡಿಯನ್ನು ಬರೆದಿಡುತ್ತದೆ. ಹೊಸ ಮನೆಯಲ್ಲಿ ಅದೇ ಸಂಖ್ಯೆಯ ಇನ್ನೊಬ್ಬರು ಆಗಲೇ ಇದ್ದರು. ಯುಐಡಿ ನಕಲಾಗಿದೆ ಎಂದು ಹೇಳಿ ಸಿಂಕ್ ನಿಂತೇಬಿಟ್ಟಿತು. ಒಂದು ಇಡೀ ದಿನ ಹೋಯಿತು, ಬಿಲ್ ಮಾಡಲಾಗದ ದಿನ.

ಸೋತು ಒಂದು ಗ್ರಾಫಿಕಲ್ ಮೇಲ್ ಅಪ್ಲಿಕೇಶನ್‌ಗೆ ವರ್ಷದ ಚಂದಾ ಕಟ್ಟಿದೆ. ಹನ್ನೆರಡು ತಿಂಗಳಿಗೆ ಕಟ್ಟಿದ್ದು, ಬಳಸಿದ್ದು ಏಳು ವಾರ. ಅದರ ಬಗ್ಗೆ ಇನ್ನು ಮಾತಾಡುವುದಿಲ್ಲ.

ಎನ್‌ಎಂಎಚ್ ಎಂಬ ಇನ್ನೊಂದು ಮೇಲ್ ಪ್ರೋಗ್ರಾಂನ ಪ್ರಯೋಗ ಮಾತ್ರ ದಂಡವಾಗಲಿಲ್ಲ. ಅದು ಬಂದ ಎಂಎಚ್ ಪರಂಪರೆಯಲ್ಲಿ ಒಂದು ಸಂದೇಶ ಎಂದರೆ ಒಂದು ಫೈಲ್, ಹೆಸರು ಬರಿಯ ಸಂಖ್ಯೆ. ಅದರ ಸೆಟ್ಟಿಂಗ್ ಫೈಲಾದ ಪ್ರೊಫೈಲ್‌ನಲ್ಲಿ ಡ್ರಾಫ್ಟ್-ಫೋಲ್ಡರ್ ಎಂದು ಒಂದು ಸಾಲು ಸೇರಿಸಿದರೆ ಎಷ್ಟು ಕರಡುಗಳನ್ನಾದರೂ ಇಡಬಹುದು. ಸ್ಕ್ಯಾನ್ ಎಂದರೆ ಪಟ್ಟಿ, ಪತ್ರ ಬರೆಯುವ ಕಾಂಪ್ ಆದೇಶಕ್ಕೆ ಯೂಸ್ ಆಯ್ಕೆ ಮತ್ತು ಏಳು ಎಂಬ ಸಂಖ್ಯೆ ಕೊಟ್ಟರೆ ಏಳನೆಯದು ತೆರೆಯುತ್ತದೆ. ಮೂರು ವಾರ ಖುಷಿಯಾಗಿದ್ದೆ. ಒಂದು ಪತ್ರದಲ್ಲಿ ಕಾನ್ಫಿಗರೇಶನ್ ಫೈಲಿನ ಸಾಲುಗಳನ್ನು ಅಂಟಿಸಿದ್ದೆ, ಕೆಲವು ಹ್ಯಾಶ್ ಚಿಹ್ನೆಯಿಂದ ಶುರುವಾಗಿದ್ದವು. ಪತ್ರವನ್ನು ಕಳುಹಿಸುವ ರೂಪಕ್ಕೆ ತರಲು ಮೈಮ್ ಎಂದು ಹೊಡೆದಾಗ ಅದರ ಎಂಎಚ್‌ಬಿಲ್ಡ್ ಎಂಬ ಭಾಗ ಅವನ್ನು ತನಗೆ ಕೊಟ್ಟ ಆದೇಶ ಎಂದುಕೊಂಡು ಜಗಳಕ್ಕೆ ನಿಂತಿತು. ಅದಕ್ಕೂ ದಾರಿಯಿದೆ, ನನಗೆ ತಾಳ್ಮೆ ಇರಲಿಲ್ಲ. ಆದರೆ ಒಂದು ಪತ್ರಕ್ಕೆ ಒಂದು ಫೈಲ್ ಎಂಬುದು ತಲೆಯಲ್ಲಿ ಉಳಿಯಿತು.

ಈಗ ಮಾಡುತ್ತಿರುವುದು ಇಷ್ಟೇ: ಕಳುಹಿಸುವ ನಿಮಿಷದವರೆಗೆ ಕರಡು ಮೇಲ್ ವ್ಯವಸ್ಥೆಯೊಳಗೆ ಕಾಲಿಡುವುದಿಲ್ಲ. ಅದು ಹೆಡರ್ (ಟು, ಸಬ್ಜೆಕ್ಟ್ ಮುಂತಾದ ತಲೆಸಾಲುಗಳು) ಸಮೇತ ಇರುವ ಸಾದಾ ಪಠ್ಯ ಫೈಲ್. ಪಟ್ಟಿಯಲ್ಲಿ ಹುಡುಕಿಕೊಡುವ ಎಫ್‌ಜೆಡ್‌ಎಫ್‌ನಲ್ಲಿ ಕರಡನ್ನು ಆರಿಸುತ್ತೇನೆ, ಮಟ್ ಅನ್ನು ದೊಡ್ಡಕ್ಷರದ ಇ ಮತ್ತು ಎಚ್ ಆಯ್ಕೆಗಳೊಂದಿಗೆ ಆ ಫೈಲಿನ ಮೇಲೆ ಓಡಿಸುತ್ತೇನೆ. ಎಚ್ ಒಂದನ್ನೇ ಕೊಟ್ಟರೆ ಫೈಲನ್ನು ಓದುತ್ತದೆಯೇ ಹೊರತು ತಿದ್ದಿದ್ದನ್ನು ಅದರಲ್ಲಿ ಉಳಿಸುವುದಿಲ್ಲ. ಇದು ತಿಳಿಯುವ ಮೊದಲು ಎರಡು ಉದ್ದನೆಯ ಪತ್ರಗಳನ್ನು ಕಳೆದುಕೊಂಡೆ. ಪೋಸ್ಟ್‌ಪೋನ್ ಅನ್ನು ನೋ ಮಾಡಿದ್ದೇನೆ, ಇಲ್ಲದಿದ್ದರೆ ಅಭ್ಯಾಸಬಲದಿಂದ ಅಲ್ಲೊಂದು ಪ್ರತಿ, ಇಲ್ಲೊಂದು ಪ್ರತಿ. ಪತ್ರ ಹೋದರೆ ಮಾತ್ರ ಸ್ಕ್ರಿಪ್ಟ್ ಫೈಲನ್ನು ‘ಹೋದವು’ ಡೈರೆಕ್ಟರಿಗೆ ಸರಿಸುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಎರಡು ತೊಡಕುಗಳಿವೆ. ಕೈಯಿಂದ ಮಾಡಿದ ಫೈಲಿನಲ್ಲಿ, ಪಠ್ಯ ಯಾವ ಅಕ್ಷರಸಂಕೇತದಲ್ಲಿದೆ ಎಂದು ಹೇಳುವ ಕಂಟೆಂಟ್-ಟೈಪ್ ಸಾಲು ಇರದಿದ್ದಾಗ ನನ್ನ ಮೊದಲ ಕನ್ನಡ ಪತ್ರ ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗಿ ತೆರೆದುಕೊಂಡಿತು. ಈಗ ಮಾದರಿ ಫೈಲಿನಲ್ಲೇ ಯುಟಿಎಫ್-8 ಎಂಬ ಘೋಷಣೆ, ಎಂಟು ಬಿಟ್ ಎನ್‌ಕೋಡಿಂಗ್ ಸಾಲು ಎರಡೂ ಇವೆ. ಇನ್ನೊಂದು, ಮಟ್ ಒಮ್ಮೆ ಫೈಲನ್ನು ತಿರುಗಿ ಬರೆದರೆ ಕನ್ನಡದ ಸಬ್ಜೆಕ್ಟ್ ಎನ್‌ಕೋಡ್ ಆಗಿ ಅಕ್ಷರಗಳ ರಾಶಿಯಾಗುತ್ತದೆ. ಪದ ಹುಡುಕುವ ಗ್ರೆಪ್‌ಗೆ ಅದರಲ್ಲಿ ಏನೂ ಸಿಗುವುದಿಲ್ಲ. ಪಟ್ಟಿ ತೋರಿಸುವ ಮೊದಲು ಪೈಥಾನ್‌ನ ಈಮೇಲ್ ಮಾಡ್ಯೂಲ್‌ನಿಂದ ಬಿಡಿಸಿಕೊಳ್ಳುತ್ತೇನೆ, ಏಳೆಂಟು ಸಾಲು ಸಾಕು. ಪಠ್ಯ ಕ್ವೋಟೆಡ್-ಪ್ರಿಂಟಬಲ್ ಎಂಬ ಸಂಕೇತದಲ್ಲಿದ್ದರೆ ಇನ್ನೂ ಕಷ್ಟ. ‘ಕ’ ಎಂಬ ಒಂದೇ ಅಕ್ಷರಕ್ಕೆ ಮೂರು ಬೈಟ್, ಅವು ಒಂಬತ್ತು ಚಿಹ್ನೆಗಳಾಗಿ ಕೂರುತ್ತವೆ.

ಡೈರೆಕ್ಟರಿ, ತಿದ್ದುವ ಹಿಂದಿನ ರೂಪಗಳನ್ನೂ ಕಾಪಾಡುವ ಗಿಟ್‌ನಲ್ಲಿದೆ. ಬಾಕಿ ಹಣದ ಪತ್ರವನ್ನು ಸಿಟ್ಟಿನಲ್ಲಿ ತಿದ್ದಿ, ಮರುದಿನ ಹಿಂದಿನ ಸಭ್ಯ ರೂಪಕ್ಕೆ ಮರಳುವ ಸುಖ ಅನುಭವಿಸಿದವರಿಗೇ ಗೊತ್ತು. ಆದರೆ ಲಗತ್ತುಗಳು ಕಾಡಿದವು. ಮಟ್ ಉಳಿಸುವಾಗ ಲಗತ್ತನ್ನು ಬೇಸ್64 ಎಂಬ ಅಕ್ಷರರೂಪಕ್ಕೆ ತಂದು ಫೈಲಿನೊಳಗೇ ತುಂಬುತ್ತದೆ, ಗಾತ್ರ ಮೂರನೆಯ ಒಂದು ಭಾಗದಷ್ಟು ಹೆಚ್ಚುತ್ತದೆ, ಎರಡು ರೂಪಗಳ ವ್ಯತ್ಯಾಸ (ಡಿಫ್) ನೋಡುವ ಹಾಗಿಲ್ಲ. ಒಂದು ತಿಂಗಳಲ್ಲಿ ಗಿಟ್‌ನ ಆ ಸಂಗ್ರಹ (ರೆಪೊಸಿಟರಿ) ಸುಮಾರು ಮುನ್ನೂರು ಎಂಬಿ ಆಗಿತ್ತು. ಈಗ ಲಗತ್ತು ಕೊನೆಯ ಕ್ಷಣದಲ್ಲಿ ಮಾತ್ರ. ಅಲ್ಲಿಯವರೆಗೆ ಪಠ್ಯದಲ್ಲಿ ಫೈಲಿನ ಹೆಸರು ಬರೆದಿರುತ್ತೇನೆ. ಇನ್ನೊಂದು ಪೆಟ್ಟು ಅದನ್ನು ಲ್ಯಾಪ್‌ಟಾಪ್‌ಗೆ ಕ್ಲೋನ್ (ನಕಲು) ಮಾಡಿದ ದಿನ ಬಿತ್ತು. ಗಿಟ್ ಫೈಲಿನ ಮಾರ್ಪಾಡು ಸಮಯವನ್ನು ಕಾಪಾಡುವುದಿಲ್ಲ, ನನ್ನ ಎಲ್ಲ ಕರಡುಗಳೂ ‘ಇಂದು’ ಹುಟ್ಟಿದವು. ಆದ್ದರಿಂದ ಫೈಲಿನ ಹೆಸರೇ ದಿನಾಂಕದಿಂದ ಶುರು, ನಂತರ ಯಾರಿಗೆ, ನಂತರ ಏನು.

ಉತ್ತರಗಳಿಗೆ ಮೇಲ್ ಹುಡುಕುವ ನಾಟ್‌ಮಚ್ ಎಂಬ ಪ್ರೋಗ್ರಾಂನ ರಿಪ್ಲೈ ಆದೇಶವೇ ಸಾಕು. ಮೂಲ ಪತ್ರದ ಗುರುತಾದ ಮೆಸೇಜ್-ಐಡಿ ಕೊಟ್ಟರೆ ಆ ಪತ್ರಕ್ಕೆ ಕೊಂಡಿ ಹಾಕುವ ಇನ್-ರಿಪ್ಲೈ-ಟು, ರೆಫರೆನ್ಸಸ್ ಸಾಲುಗಳು, ಉದ್ಧರಿಸಿದ ಪಠ್ಯ ಎಲ್ಲವನ್ನೂ ಜೋಡಿಸಿ ಕೊಡುತ್ತದೆ, ಅದನ್ನು ಫೈಲಿಗೆ ಹರಿಸಿದರೆ ಆಯಿತು. ಮಾತುಕತೆಯ ಎಳೆ ಕಡಿಯುವುದಿಲ್ಲ.

ಇನ್ನು ನನಗೆ ಹೆಮ್ಮೆಯ ಸಂಗತಿ. ಮುಗಿಯದ ಕರಡಿನಲ್ಲಿ ಟು ಸಾಲೇ ಇರುವುದಿಲ್ಲ. ವಿಳಾಸ ನಾನೇ ಇಟ್ಟ ಎಕ್ಸ್-ಯಾರಿಗೆ ಎಂಬರ್ಥದ ಹೆಡರಿನಲ್ಲಿ ಮಲಗಿರುತ್ತದೆ. ತಪ್ಪಿ, ಕಳುಹಿಸುವ ಕೀಲಿಯಾದ ವೈ ಒತ್ತಿದರೂ ಸ್ವೀಕರಿಸುವವರಿಲ್ಲ ಎಂದು ಹೇಳಿ ಮಟ್ ನಿಲ್ಲುತ್ತದೆ. ಪತ್ರ ಮುಗಿದಿದೆ ಎಂದು ನಾನು ಹೇಳಿದಾಗ ಸ್ಕ್ರಿಪ್ಟ್ ಆ ಸಾಲನ್ನು ಟು ಮಾಡುತ್ತದೆ. ಅದು ಹಾಗೆ ಮಾಡುವ ಮೊದಲು ಪಠ್ಯದಲ್ಲಿ ಮೂರು ಸಂಗತಿಗಳನ್ನು ಪರೀಕ್ಷಿಸುತ್ತದೆ; ಒಂದು ಲಗತ್ತಿನ ಹೆಸರು ಎಂದು ಊಹಿಸಿರುತ್ತೀರಿ. ಉಳಿದೆರಡು ನನ್ನಲ್ಲೇ ಇರಲಿ, ಹಣ ಕಳೆದುಕೊಂಡು ಕಲಿತದ್ದು.

ಫೋನಿನಲ್ಲಿ ಕರಡು ಸಿಗುವುದಿಲ್ಲವಲ್ಲ ಎಂದು ನಕ್ಕವರಲ್ಲಿ ಒಬ್ಬರು ಇಂದಿಗೂ ಚುಚ್ಚುತ್ತಾರೆ. ನಿಜ, ಸಿಗುವುದಿಲ್ಲ. ತುರ್ತಿದ್ದರೆ ಎಸ್‌ಎಸ್‌ಎಚ್ ಮೂಲಕ ದೂರದಿಂದಲೇ ನನ್ನ ಯಂತ್ರವನ್ನು ಹೊಕ್ಕು ಬರೆಯುತ್ತೇನೆ, ವರ್ಷದಲ್ಲಿ ಐದಾರು ಸಲ. ಈ ಹದಿನಾಲ್ಕು ತಿಂಗಳಲ್ಲಿ ಸುಮಾರು ಆರುನೂರು ಕರಡುಗಳು ‘ಹೋದವು’ ಡೈರೆಕ್ಟರಿ ಸೇರಿವೆ, ತಪ್ಪು ವಿಳಾಸಕ್ಕೆ ಒಂದೂ ಹೋಗಿಲ್ಲ. ಉಳಿದ ಮೂವತ್ತೆಂಟರಲ್ಲಿ ಅತ್ಯಂತ ಹಳೆಯದು ಆ ಹಳೆಯ ಗ್ರಾಹಕರಿಗೆ ಬರೆಯಲು ಹೊರಟ ಕ್ಷಮೆಯ ಪತ್ರ. ಗಿಟ್‌ನಲ್ಲಿ ಅದಕ್ಕೆ ಇಪ್ಪತ್ತೊಂದು ರೂಪಗಳಿವೆ, ಎಕ್ಸ್-ಯಾರಿಗೆ ಇನ್ನೂ ಟು ಆಗಿಲ್ಲ.