ಕುಂಡದಲ್ಲಿ ಸ್ಟ್ರಾಬೆರಿ: ಸುಳಿ ಮುಚ್ಚಿದರೆ ಕಥೆ ಮುಗೀತು

ನಾನು ತಂದ ಮೊದಲ ಆರು ಸ್ಟ್ರಾಬೆರಿ ಸಸಿಗಳಲ್ಲಿ ನಾಲ್ಕು ಎರಡೇ ವಾರದಲ್ಲಿ ಸತ್ತವು. ಗೊಬ್ಬರ ಹಾಕಿದ್ದೆ, ನೀರು ಕೊಟ್ಟಿದ್ದೆ, ಬಿಸಿಲಿಗೂ ಕೊರತೆ ಇರಲಿಲ್ಲ. ಒಂದನ್ನು ಕಿತ್ತು ನೋಡಿದಾಗ ಗೊತ್ತಾಯಿತು. ಟೊಮೆಟೊ ಸಸಿ ಊರುವ ಅಭ್ಯಾಸದಲ್ಲಿ ಇದನ್ನೂ ಕತ್ತಿನವರೆಗೆ ಮಣ್ಣಲ್ಲಿ ಹೂತುಬಿಟ್ಟಿದ್ದೆ. ಎಲೆ ಚಿಗುರುವ ನಡುಭಾಗ ಕಂದಾಗಿ, ಬೆರಳಲ್ಲಿ ಒತ್ತಿದರೆ ಪಿಚಕ್ಕೆನ್ನುತ್ತಿತ್ತು.

ಬೇರಿಗೂ ಎಲೆಗೂ ನಡುವೆ ಇರುವ ಆ ದಪ್ಪ ಗಿಡ್ಡ ಕಾಂಡವೇ ಸುಳಿ, ಅದೇ ಈ ಗಿಡದ ಜೀವ. ಹೊಸ ಎಲೆ, ಹೂವು, ಬಳ್ಳಿ ಎಲ್ಲ ಅಲ್ಲಿಂದಲೇ. ನೆಟ್ಟ ಮೇಲೆ ಸುಳಿ ಮಣ್ಣಿನ ಮಟ್ಟಕ್ಕೆ ಸರಿಯಾಗಿ ಕಾಣುತ್ತಿರಬೇಕು. ಮುಚ್ಚಿದರೆ ಕೊಳೆಯುತ್ತದೆ, ತೀರಾ ಮೇಲಾದರೆ ಬೇರು ಹೊರಬಿದ್ದು ಒಣಗುತ್ತದೆ. ಮೊದಲ ನೀರು ಹಾಕಿದಾಗ ಮಣ್ಣು ಕುಸಿಯುವುದರಿಂದ ಆಮೇಲೆ ಇನ್ನೊಮ್ಮೆ ಬಗ್ಗಿ ನೋಡಿ, ಬೇಕಿದ್ದರೆ ಸರಿಪಡಿಸಿ. ಉಳಿದ ತಪ್ಪುಗಳನ್ನು ಸ್ಟ್ರಾಬೆರಿ ಬಹುಮಟ್ಟಿಗೆ ಕ್ಷಮಿಸುತ್ತದೆ, ಇದನ್ನಲ್ಲ.

ಬೀಜದಿಂದ ಶುರು ಮಾಡಬೇಡಿ. ಮೊಳೆಯಲು ವಾರಗಟ್ಟಲೆ ಕಾಯಬೇಕು, ಹಣ್ಣಿನ ಬೀಜದಿಂದ ತಾಯಿಯಂಥದೇ ಗಿಡ ಬರುವ ಭರವಸೆಯೂ ಇಲ್ಲ. ಸಸಿಯನ್ನೇ ತನ್ನಿ.

ಕುಂಡ 20 ಸೆಂ.ಮೀ. ಆಳವಿದ್ದರೆ ಸಾಕು, ಬೇರು ಹೆಚ್ಚಾಗಿ ಮೇಲುಮಣ್ಣಲ್ಲೇ ಹರಡುತ್ತದೆ. ಅಗಲ 30 ಸೆಂ.ಮೀ. ಇದ್ದರೆ ಮೂರು ಸಸಿ ಹಿಡಿಸುತ್ತವೆ. ನಾಲ್ಕನೆಯದನ್ನು ತುರುಕುವ ಆಸೆ ನನಗೂ ಆಗಿತ್ತು. ಗಾಳಿಯಾಡದೆ ಎಲೆಗಳಿಗೆ ಬೂಸ್ಟು ಹಿಡಿಯಿತು. ತಳದಲ್ಲಿ ತೂತು ಇರಲೇಬೇಕು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಲ್ಲಿ ಕಾದು ಬೇರನ್ನು ಬೇಯಿಸುತ್ತದೆ, ಮಣ್ಣಿನ ಕುಂಡವಾದರೆ ಬೇಗ ಒಣಗುತ್ತದೆ. ನಾನು ಬಿಳಿ ಪ್ಲಾಸ್ಟಿಕ್‌ಗೆ ಅಂಟಿಕೊಂಡಿದ್ದೇನೆ. ಬರೀ ತೋಟದ ಮಣ್ಣು ಕುಂಡದಲ್ಲಿ ಗಟ್ಟಿ ಕೂರುತ್ತದೆ. ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕಳಿತ ಕಾಂಪೋಸ್ಟ್, ಸ್ವಲ್ಪ ಪರ್ಲೈಟ್ (ಮಣ್ಣನ್ನು ಸಡಿಲವಾಗಿಡುವ ಹಗುರ ಬಿಳಿ ಹರಳು) ಬೆರೆಸಿ. ಸ್ವಲ್ಪ ಹುಳಿ ಮಣ್ಣು ಇದಕ್ಕೆ ಇಷ್ಟ, ಪಿಎಚ್ 5.5ರಿಂದ 6.5.

ದಿನಕ್ಕೆ ಆರೆಂಟು ಗಂಟೆ ಬಿಸಿಲು ಬೇಕು. ಆದರೆ ಸೆಕೆ ಬೇಡ. ಉಷ್ಣಾಂಶ 30 ಡಿಗ್ರಿ ದಾಟಿ ನಿಂತರೆ ಹೂ ಬಿಡುವುದನ್ನೇ ನಿಲ್ಲಿಸುತ್ತದೆ, ಅಂಥ ದಿನಗಳಲ್ಲಿ ಮಧ್ಯಾಹ್ನ ನೆರಳಿಗೆ ಸರಿಸಿ. ಕುಂಡದಲ್ಲಿ ಬೆಳೆಯುವುದರ ಲಾಭವೇ ಅದು.

ನೀರಿಗೆ ನನ್ನ ಲೆಕ್ಕ ಹೀಗೆ: ಬೆಳಿಗ್ಗೆ ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸುತ್ತೇನೆ. ಒಣಗಿದ್ದರೆ ತಳದಿಂದ ಬಸಿಯುವವರೆಗೆ ನೀರು, ತೇವವಿದ್ದರೆ ಆ ದಿನ ರಜೆ. ಎಲೆಯ ಮೇಲೆ ಸುರಿಯದೆ ಬುಡಕ್ಕೆ ಹಾಕಿ.

ನೆಟ್ಟ ಐದಾರು ವಾರ ಬರುವ ಹೂಗಳನ್ನು ಚಿವುಟಿ ಹಾಕಿ. ಹೊಟ್ಟೆ ಉರಿಯುತ್ತದೆ, ಗೊತ್ತು. ಆದರೆ ಬೇರು ಊರುವ ಮುನ್ನ ಕಾಯಿ ಹೊರಿಸಿದರೆ ಗಿಡ ಸೊರಗುತ್ತದೆ. ಆಮೇಲೆ ಬಂದ ಹೂಗಳನ್ನು ಬಿಡಿ. ಜೇನ್ನೊಣ ಬರದ ಬಾಲ್ಕನಿಯಾದರೆ ಮೆತ್ತನೆಯ ಬಣ್ಣದ ಕುಂಚವನ್ನು ಹೂವಿನ ನಡುವಿನ ಹಳದಿ ಉಬ್ಬಿನ ಮೇಲೆ ಸುತ್ತಲೂ ಆಡಿಸಿ, ಒಂದು ಹೂವಿಂದ ಇನ್ನೊಂದಕ್ಕೆ. ಹಣ್ಣಿನ ಮೇಲೆ ಬೀಜದಂತೆ ಕಾಣುವುದು ಒಂದೊಂದೂ ಬೇರೆ ಬೇರೆ ಕಾಯಿ, ನಾವು ತಿನ್ನುವ ಕೆಂಪು ತಿರುಳು ಹೂವಿನ ಪೀಠ ಊದಿಕೊಂಡದ್ದು. ಪರಾಗ ತಲುಪಿದ ಕಡೆ ಮಾತ್ರ ತಿರುಳು ಉಬ್ಬುತ್ತದೆ. ಸೊಟ್ಟ ಹಣ್ಣನ್ನು ಹತ್ತಿರ ಹಿಡಿದು ನೋಡಿ: ಸುಕ್ಕಿದ ಮಗ್ಗುಲಲ್ಲಿ ಆ ಬೀಜಗಳು ಚಿಕ್ಕದಾಗಿ ಒತ್ತೊತ್ತಾಗಿ ನಿಂತಿರುತ್ತವೆ. ರೋಗವಲ್ಲ, ಕುಂಚ ಅಲ್ಲಿ ತಾಗಿಲ್ಲ ಅಷ್ಟೆ.

ಹೂ ಬಂದ ಮೇಲೆ ಎರಡು ವಾರಕ್ಕೊಮ್ಮೆ ಪೊಟ್ಯಾಶ್ ಹೆಚ್ಚಿರುವ ದ್ರವ ಗೊಬ್ಬರ ತೆಳುವಾಗಿ ಕೊಡಿ. ಸಾರಜನಕ ಜಾಸ್ತಿಯಾದರೆ ಎಲೆಯೇ ಎಲೆ. ಹಣ್ಣು ಮಣ್ಣಿಗೆ ತಾಗದಂತೆ ಕೆಳಗೆ ಒಣ ಹುಲ್ಲು ಹರಡಿ, ಇಲ್ಲದಿದ್ದರೆ ಬೂದು ಬೂಸ್ಟು ಬರುತ್ತದೆ. ಹಕ್ಕಿಗಳಿಗೆ ಬಲೆಯೇ ಮದ್ದು.

ಹೂ ಅರಳಿ ಸುಮಾರು ನಾಲ್ಕು ವಾರಕ್ಕೆ ಹಣ್ಣು. ಕಿತ್ತ ಮೇಲೆ ಸಿಹಿ ಏರುವುದಿಲ್ಲ, ಹಾಗಾಗಿ ತೊಟ್ಟಿನ ಬಳಿಯ ಬಿಳುಪೂ ಕೆಂಪಾಗುವವರೆಗೆ ಕಾಯಿರಿ. ಎಳೆಯದೆ, ತೊಟ್ಟು ಸಮೇತ ಕತ್ತರಿಸಿ.

ಗಿಡ ಉದ್ದನೆಯ ಬಳ್ಳಿ ಚಾಚಿ ತುದಿಯಲ್ಲಿ ಮರಿ ಹಾಕುತ್ತದೆ. ಹಣ್ಣು ಬೇಕಾದಾಗ ಬಳ್ಳಿ ಕತ್ತರಿಸಿ, ಗಿಡ ಬೇಕಾದಾಗ ಮರಿಯನ್ನು ಪುಟ್ಟ ಕುಂಡದ ಮಣ್ಣಿನ ಮೇಲೆ ಕೂರಿಸಿ ಬಗ್ಗಿಸಿದ ತಂತಿಯಿಂದ ಒತ್ತಿಡಿ. ಒಂದು ತಿಂಗಳ ನಂತರ ಮೆಲ್ಲಗೆ ಎಳೆದಾಗ ಜಗ್ಗದಿದ್ದರೆ ಬೇರು ಹಿಡಿದಿದೆ, ಬಳ್ಳಿ ಕತ್ತರಿಸಬಹುದು. ನನ್ನಲ್ಲಿ ಈಗಿರುವವೆಲ್ಲ ಅಂದು ಬದುಕುಳಿದ ಎರಡು ಸಸಿಗಳ ಸಂತಾನವೇ. ಮೂರು ವರ್ಷವಾದರೆ ತಾಯಿ ಗಿಡ ದಣಿದು ಹಣ್ಣು ಸಣ್ಣದಾಗುತ್ತದೆ. ಅದನ್ನು ತೆಗೆದು, ಮಣ್ಣು ಬದಲಿಸಿ, ಮರಿಯನ್ನು ಅಲ್ಲಿ ನೆಡಿ. ಸುಳಿ ಮಣ್ಣಿಂದ ಹೊರಗಿದೆಯಾ ನೋಡಿಕೊಂಡು.