ರಕ್ತದಲ್ಲಿ ಸೀಸ ಸೇರಿದಾಗ ಕೀಲೇಷನ್: ಯಾವಾಗ, ಹೇಗೆ

ಹುಬ್ಬಳ್ಳಿಯಲ್ಲಾಗಲಿ ಗದಗಿನಲ್ಲಾಗಲಿ, ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವವರ ಮನೆಯ ಮಗುವಿಗೆ ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ ಬಿಡದೆ ಕಾಡುತ್ತಿದ್ದರೆ ರಕ್ತದ ಸೀಸದ ಪರೀಕ್ಷೆ ಮಾಡಿಸಿ. ಬೆರಳು ಚುಚ್ಚಿ ತೆಗೆದ ರಕ್ತಕ್ಕೆ ಚರ್ಮದ ಧೂಳು ಸೇರಿ ಅಂಕಿ ಏರಬಹುದು. ತೋಳಿನ ರಕ್ತನಾಳದಿಂದ ತೆಗೆಸಿ ಖಚಿತಪಡಿಸಿಕೊಳ್ಳಿ. ಮೊದಲು ಕೀಲೇಷನ್ ಔಷಧಿ, ಅಂದರೆ ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ, ಕೊಟ್ಟು ಆಮೇಲೆ ಮೂತ್ರದ ಲೋಹ ಅಳೆಯುವ ಪರೀಕ್ಷೆಯನ್ನು ಒಪ್ಪಬೇಡಿ. ಆ ಔಷಧಿ ಕುಡಿದರೆ ಆರೋಗ್ಯವಂತರ ಮೂತ್ರದಲ್ಲೂ ಲೋಹ ಹೆಚ್ಚೇ ಕಾಣುತ್ತದೆ.

ರಕ್ತದ ಡೆಸಿಲೀಟರಿಗೆ (100 ಮಿಲಿಲೀಟರಿಗೆ) 5 ಮೈಕ್ರೋಗ್ರಾಂ ದಾಟಿದರೆ ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಬೇಕು. ಮಕ್ಕಳಿಗೆ ಕೀಲೇಷನ್ ಸಾಮಾನ್ಯವಾಗಿ 45 ಮುಟ್ಟಿದ ಮೇಲೆಯೇ. ಅದಕ್ಕೂ ಮೊದಲು ಮೂಲ ಮುಚ್ಚಲೇಬೇಕು, ಇಲ್ಲದಿದ್ದರೆ ಔಷಧಿ ತೆಗೆದಷ್ಟನ್ನೂ ಮನೆ ಮತ್ತೆ ತುಂಬುತ್ತದೆ. ಕೆಲಸದ ಬಟ್ಟೆ ಅಂಗಡಿಯಲ್ಲೇ ಬಿಡಲಿ, ಬೇರೆಯಾಗಿ ಒಗೆಯಲಿ. ಕಸಬರಿಗೆಯಿಂದ ಧೂಳೆಬ್ಬಿಸದೆ ಒದ್ದೆ ಬಟ್ಟೆಯಿಂದ ನೆಲ ಒರೆಸಿ. ಸೀಸ ಬೆರೆತ ಕಲಾಯಿಯ ಪಾತ್ರೆ, ಕೆಲವು ಭಸ್ಮ, ಸಿಂಧೂರ, ಕಳಪೆ ಅರಿಶಿನ ಪುಡಿ ಇವೂ ಮೂಲವಾಗಬಹುದು. ಖಾಲಿ ಹೊಟ್ಟೆಯಲ್ಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಕಡಿಮೆಯಿದ್ದಾಗ ಸೀಸ ಹೆಚ್ಚು ಒಳಸೇರುತ್ತದೆ. ಆದ್ದರಿಂದ ಹೊತ್ತಿಗೆ ಸರಿಯಾಗಿ ರೊಟ್ಟಿ, ಕಾಳುಪಲ್ಯ, ಮೊಸರು ಕೊಡಿ.

ಬಾಯಿಂದ ಕೊಡುವ ಔಷಧಿ ಸಕ್ಸಿಮರ್. ತೂಕದ ಕಿಲೋಗೆ 10 ಮಿಲಿಗ್ರಾಂನಂತೆ 8 ಗಂಟೆಗೊಮ್ಮೆ 5 ದಿನ, ನಂತರ 12 ಗಂಟೆಗೊಮ್ಮೆ 14 ದಿನ. 15 ಕಿಲೋ ಮಗುವಿಗೆ ಪ್ರತಿ ಸಲ 150 ಮಿಲಿಗ್ರಾಂ ಆಯಿತು. ಇದು ವೈದ್ಯರ ಚೀಟಿಯನ್ನು ಅರಿಯಲಿಕ್ಕೆ ಮಾತ್ರ, ನೀವೇ ಕೊಡಲಿಕ್ಕಲ್ಲ. ಕ್ಯಾಪ್ಸೂಲ್ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ; ನುಂಗಲಾರದ ಮಗುವಿಗೆ ಬಿಚ್ಚಿ ಮೆತ್ತನೆಯ ಊಟದಲ್ಲಿ ಬೆರೆಸಬಹುದು. ಬಿಳಿ ರಕ್ತಕಣ ಇಳಿಯಬಹುದು, ಯಕೃತ್ತಿನ ಕಿಣ್ವ ಏರಬಹುದು. ಆದ್ದರಿಂದ ವಾರಕ್ಕೊಮ್ಮೆ ರಕ್ತ ನೋಡಬೇಕು.

ರಕ್ತದ ಸೀಸ 70 ಮುಟ್ಟಿದರೆ, ಅಥವಾ ವಾಂತಿಯ ಜೊತೆ ಮಂಪರು, ಸೆಳೆತ ಬಂದರೆ ಅಂಕಿಗೂ ಕಾಯದೆ ಮಕ್ಕಳ ಐಸಿಯು ಇರುವ ಆಸ್ಪತ್ರೆಗೆ ಒಯ್ಯಿರಿ. ಅಲ್ಲಿ ಮೊದಲು ಡೈಮರ್ಕ್ಯಾಪ್ರಾಲ್ ಚುಚ್ಚುಮದ್ದು, 4 ಗಂಟೆಯ ನಂತರ ಕ್ಯಾಲ್ಸಿಯಂ ಡೈಸೋಡಿಯಂ ಇಡಿಟಿಎ. ಡೈಮರ್ಕ್ಯಾಪ್ರಾಲ್ ಶೇಂಗಾ ಎಣ್ಣೆಯಲ್ಲಿರುತ್ತದೆ; ಶೇಂಗಾ ಅಲರ್ಜಿ ಇದ್ದರೆ ಮೊದಲೇ ಹೇಳಿ. ಅದರ ಜೊತೆ ಕಬ್ಬಿಣದ ಮಾತ್ರೆಯೂ ಬೇಡ. ಇಡಿಟಿಎ ಬಾಟಲಿಯ ಮೇಲೆ "ಕ್ಯಾಲ್ಸಿಯಂ" ಎಂದಿರಲೇಬೇಕು. ಬರೀ ಡೈಸೋಡಿಯಂ ಇಡಿಟಿಎ ರಕ್ತದ ಕ್ಯಾಲ್ಸಿಯಂ ಎಳೆದು ಹೃದಯ ನಿಲ್ಲಿಸಬಹುದು. ಅಮೆರಿಕದಲ್ಲಿ ಈ ಅದಲುಬದಲಿಗೆ ಮಕ್ಕಳೇ ಸತ್ತಿದ್ದಾರೆ.

ಕೋರ್ಸ್ ಮುಗಿದ 2-3 ವಾರಕ್ಕೆ ಅಂಕಿ ಮತ್ತೆ ಏರುವುದುಂಟು, ಎಲುಬಿನಲ್ಲಿ ಕೂತ ಸೀಸ ರಕ್ತಕ್ಕೆ ಇಳಿಯುವುದರಿಂದ. ಆಗ ಮರುಪರೀಕ್ಷೆ ಮಾಡಿಸಿ, ಅದೇ ದಿನ ಅಣ್ಣತಮ್ಮ, ಅಕ್ಕತಂಗಿಯರದ್ದೂ ಮಾಡಿಸಿ.