ಕೋಳಿ ಗೂಡಿಗೆ ಜಾಗ ಹುಡುಕುವುದಾದರೆ ಮಧ್ಯಾಹ್ನ ಮೂರಕ್ಕೆ ಹುಡುಕಿ

ಗೂಡಿಗೆ ಜಾಗ ನೋಡಲಿಕ್ಕೆ ಎಲ್ಲರೂ ಬೆಳಗ್ಗೆ ಹಿತ್ತಲಿಗೆ ಹೋಗುತ್ತಾರೆ. ನಾನೂ ಹಾಗೇ ಹೋಗಿದ್ದೆ. ತಂಪು ಹೊತ್ತಿನಲ್ಲಿ ಯಾವ ಮೂಲೆಯಾದರೂ ಚೆಂದವೇ, ಅಲ್ವಾ?

ನಮ್ಮದು ಸಿಂಧನೂರು ಹತ್ತಿರದ ಹಳ್ಳಿ. ಏಪ್ರಿಲ್, ಮೇನಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ನಾನು ಮನೆಯ ಪಶ್ಚಿಮದ ಗೋಡೆಗೆ ಒತ್ತಿ, ಮೇಲೆ ತಗಡು ಹಾಕಿ ಗೂಡು ಮಾಡಿದ್ದೆ. ಒಂದು ದಿನ ಮೂರು ಗಂಟೆಗೆ ನೋಡಿದರೆ ಕೋಳಿಗಳೆಲ್ಲ ಕೊಕ್ಕು ತೆರೆದು, ರೆಕ್ಕೆ ಅಗಲಿಸಿ ನಿಂತಿವೆ. ಗಂಟಲು ಪಟಪಟ ಹೊಡೆದುಕೊಳ್ಳುತ್ತಿದೆ. ಕೋಳಿ ಬೆವರುವುದಿಲ್ಲ, ತೇಕಿ ತೇಕಿಯೇ ಮೈ ಆರಿಸಿಕೊಳ್ಳಬೇಕು. ಸಂಜೆಯೊಳಗೆ ನಾಲ್ಕು ಹೋದವು. ಅವ್ವ ಬೈಯಲಿಲ್ಲ. "ನಾಳೆ ಅದೇ ಹೊತ್ತಿಗೆ ನೀನೇ ಆ ತಗಡಿನ ಕೆಳಗ ಕುಂತು ನೋಡು" ಅಂದಳು. ಹತ್ತು ನಿಮಿಷ ಕೂರಲಿಕ್ಕಾಗಲಿಲ್ಲ.

ಈಗ ಗೂಡು ಮನೆಯ ಪೂರ್ವಕ್ಕಿದೆ, ಬೇವಿನ ಮರದ ಕೆಳಗೆ. ಮಧ್ಯಾಹ್ನ ತಿರುಗಿದ ಮೇಲೆ ಮನೆಯದೇ ನೆರಳು ಬೀಳುತ್ತದೆ. ಬೇವು ಯುಗಾದಿ ಹೊತ್ತಿಗೆ ಚಿಗುರಿ, ಬಿಸಿಲು ಏರುವಷ್ಟರಲ್ಲಿ ದಟ್ಟವಾಗಿರುತ್ತದೆ. ಗೂಡಿನ ಮೇಲೆ ಬಾಗಿದ ಕೊಂಬೆ ಮಾತ್ರ ಕಡಿದೆ, ಬೆಕ್ಕಿಗೆ ಅದೇ ಏಣಿ. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ. ಆಗ ಬೆಳಗಿನ, ಸಂಜೆಯ ಬಿಸಿಲು ಗಿಡ್ಡ ಬದಿಗೆ ಮಾತ್ರ ತಾಗುತ್ತದೆ. ಉದ್ದದ ಎರಡು ಬದಿಗೂ ಜಾಲರಿ ಹಾಕಿದರೆ ಗಾಳಿ ಆಡುತ್ತದೆ. ಹತ್ತು ಜವಾರಿ ಕೋಳಿಗೆ ನಾಲ್ಕು ಅಡಿ ಅಗಲ, ಐದು ಅಡಿ ಉದ್ದ ಸಾಕು. ಹಗಲು ಹೇಗೂ ಹೊರಗೇ ಮೇಯುತ್ತವೆ.

ಮಳೆಗಾಲದ ಪರೀಕ್ಷೆ ಬೇರೆ. ನಮ್ಮದು ಎರೆ ಮಣ್ಣು, ಒಂದು ಮಳೆಗೆ ಚಪ್ಪಲಿ ಕಿತ್ತುಕೊಳ್ಳುತ್ತದೆ. ಜೋರು ಮಳೆ ನಿಂತ ಮರುದಿನ ಹಿತ್ತಲು ಸುತ್ತಿ, ನೀರು ನಿಂತ ಕಡೆ, ಬಚ್ಚಲ ನೀರು ಹರಿಯುವ ಕಡೆ ಗೂಡಿನ ಮಾತೇ ಬೇಡ. ನಾನು ಒಂದು ಅಡಿ ಗರಸು ತುಂಬಿ ಬಡಿದು, ಮೇಲೆ ಭತ್ತದ ಹೊಟ್ಟು ಹಾಸಿದ್ದೇನೆ. ರೈಸ್ ಮಿಲ್ ಇರುವ ಊರಲ್ಲಿ ಹೊಟ್ಟಿಗೇನು ಬರ? ಹೊಟ್ಟು ಒದ್ದೆಯಾದರೆ ತೆಗೆದುಬಿಡಿ, ಮೂಗಿಗೆ ಹೊಡೆಯುವ ವಾಸನೆ ಅಲ್ಲಿಂದಲೇ ಶುರು.

ಬೇಲಿ ಸಂದಿ, ಕಟ್ಟಿಗೆ ರಾಶಿಯಿಂದ ದೂರ ಇಡಿ. ಮುಂಗುಸಿ ಅಲ್ಲೇ ಅಡಗಿರುತ್ತದೆ, ನೆಲ ಕೆದರಿ ಒಳಗೆ ಬರುತ್ತದೆ. ಜಾಲರಿಯನ್ನು ಒಂದು ಅಡಿ ಆಳಕ್ಕೆ ಹೂತರೆ ಒಳ್ಳೆಯದು. ಮಲಗುವ ಕೋಣೆಯ ಕಿಟಕಿಗೆ ಕೇಳುವಷ್ಟು ಹತ್ತಿರವಿದ್ದರೆ ರಾತ್ರಿ ಕೋಳಿ ಕಿರುಚಿದಾಗ ಎಚ್ಚರ ಆಗುತ್ತದೆ.

ಮುಂಗಾರಿನಲ್ಲಿ ಇಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ಗೂಡು ಪೂರ್ವಕ್ಕಿದ್ದರೆ ವಾಸನೆ ನಿಮ್ಮ ಅಡುಗೆಮನೆಗೆ ಬರುವುದಿಲ್ಲ. ಆದರೆ ಅದು ಯಾರ ಮನೆಗೆ ಹೋಗುತ್ತದೆ ಅಂತಲೂ ನೋಡಿ. ನಮ್ಮ ಪೂರ್ವಕ್ಕೆ ದೊಡ್ಡಪ್ಪನ ಮನೆ. ಹದಿನೈದು ಅಡಿ ಬಿಟ್ಟೇ ಕಟ್ಟಿದ್ದೇನೆ, ಆದರೂ ಆಷಾಢದಲ್ಲಿ ಗೊಣಗುತ್ತಾರೆ. ವಾರಕ್ಕೆ ಆರು ಮೊಟ್ಟೆ ಕಳಿಸುತ್ತಿದ್ದೇವೆ.